ಗ್ಯಾರಮಂಡ್‌ನಲ್ಲಿ ಕನ್ನಡ–ಇಂಗ್ಲಿಷ್ ಪುಸ್ತಕ ಕಟ್ಟುವುದು ಹೇಗೆ: ಫಾಂಟ್ ಫೈಲ್‌ನಿಂದ ಅಚ್ಚಿನವರೆಗೆ

ಎಡಪುಟದಲ್ಲಿ ಕನ್ನಡ ಕವಿತೆ, ಬಲಪುಟದಲ್ಲಿ ಅದರ ಇಂಗ್ಲಿಷ್ ಅನುವಾದ. ಅಥವಾ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಇರುವ ಸ್ಮರಣ ಸಂಚಿಕೆ. ಇಂಥ ಪುಸ್ತಕಕ್ಕೆ ಗ್ಯಾರಮಂಡ್ ಎಂಬ ಇಂಗ್ಲಿಷ್ ಅಕ್ಷರಶೈಲಿ ಬೇಕು ಅಂತ ತುಂಬ ಜನ ಆಸೆಪಡುತ್ತಾರೆ. ಅಚ್ಚಾಗಿ ಬಂದ ಮೇಲೆ ಕೇಳುವ ದೂರುಗಳೂ ಹೆಚ್ಚುಕಡಿಮೆ ಒಂದೇ. ಇಂಗ್ಲಿಷ್ ತೀರಾ ಸಣ್ಣದಾಗಿ, ಮಸುಕಾಗಿ ಕಾಣುತ್ತದೆ. ಪಕ್ಕದ ಕನ್ನಡ ದಪ್ಪಗೆ ಕೂಗುತ್ತದೆ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಇನ್ನು ಕೆಲವರಿಗೆ ಇಡೀ ಕನ್ನಡ ಲೇಖನವೇ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬಿಡುತ್ತದೆ.

ಇದರಲ್ಲಿ ಅಕ್ಷರಶೈಲಿಯ ತಪ್ಪು ಕಡಿಮೆ. ಕೆಲಸದ ಕ್ರಮ ತಪ್ಪಿರುತ್ತದೆ. ಮೊದಲು ಫಾಂಟ್ ಹಾಕಿ, 12 ಪಾಯಿಂಟ್ ಅಂತ ಬರೆದು, ಪುಟ ಕಟ್ಟಿ, ಆಮೇಲೆ ಒಂದೊಂದೇ ಸರಿಮಾಡಲು ಹೊರಟರೆ ಒಂದು ಕಡೆ ಎಳೆದದ್ದು ಇನ್ನೊಂದು ಕಡೆ ಹರಿಯುತ್ತದೆ. ಕೆಳಗಿನ ಹಂತಗಳನ್ನು ಕೊಟ್ಟ ಕ್ರಮದಲ್ಲೇ ಮಾಡಿ. ಪಾಯಿಂಟ್ ಸಂಖ್ಯೆಯನ್ನು ನಂಬಬೇಡಿ, ಕಾಗದದ ಮೇಲೆ ಕಂಡದ್ದನ್ನು ನಂಬಿ. ಈ ಬರಹದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

## ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದವು

ಪುಟ ಕಟ್ಟಲು ಇನ್‌ಡಿಸೈನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಲಿಬ್ರೆಆಫೀಸ್ ರೈಟರ್ ಸಾಕು. ವರ್ಡ್‌ನಲ್ಲೂ ಆಗುತ್ತದೆ, ಆದರೆ ಕೆಲವು ಕಡೆ ಕೈ ಕಟ್ಟಿದಂತೆ ಆಗುತ್ತದೆ. ಎಲ್ಲಿ ಎಂದು ಆಯಾ ಹಂತದಲ್ಲಿ ಹೇಳಿದ್ದೇನೆ.

ಒಂದು ಲೇಸರ್ ಪ್ರಿಂಟರ್ ಬೇಕು. ಸ್ವಂತದ್ದೇ ಆಗಬೇಕಿಲ್ಲ, ಹತ್ತಿರದ ಜೆರಾಕ್ಸ್ ಅಂಗಡಿಯದಾದರೂ ನಡೆಯುತ್ತದೆ. ಮುದ್ರಣಾಲಯದಲ್ಲಿ ಬಳಸುವ ಕಾಗದದ ನಾಲ್ಕಾರು ಹಾಳೆಗಳನ್ನು ಮೊದಲೇ ಕೇಳಿ ತಂದುಕೊಳ್ಳಿ. ಜೊತೆಗೆ ಒಂದು ಸ್ಕೇಲ್ ಇರಲಿ. ಪರೀಕ್ಷೆಯ ಹಾಳೆಗಳನ್ನು ಆ ಕಾಗದದ ಮೇಲೇ ತೆಗೆಯಬೇಕು. ಸುಮ್ನೆ ಕೈಗೆ ಸಿಕ್ಕ ಜೆರಾಕ್ಸ್ ಹಾಳೆಯಲ್ಲಿ ತೆಗೆದರೆ ಪ್ರಯೋಜನ ಅರ್ಧ.

## ಹಂತ 1: ನಿಮ್ಮ ಕೆಲಸಕ್ಕೆ ಈ ಅಕ್ಷರ ಹೊಂದುತ್ತದೆಯೇ ನೋಡಿ

ಗ್ಯಾರಮಂಡ್ ಹಳೆಯ ಕಾಲದ ಸೆರಿಫ್ ಅಕ್ಷರ. ಗೆರೆಗಳ ತುದಿಯಲ್ಲಿ ಚಿಕ್ಕ ಪಾದಗಳಿರುತ್ತವೆ. ದಪ್ಪ ಗೆರೆಗೂ ತೆಳು ಗೆರೆಗೂ ನಡುವಿನ ವ್ಯತ್ಯಾಸ ಹದವಾಗಿರುತ್ತದೆ. ಇಂಗ್ಲಿಷಿನ ಸಣ್ಣ ಅಕ್ಷರಗಳ ನಡುಭಾಗ, ಅಂದರೆ 'ಎಕ್ಸ್' ಅಕ್ಷರದಷ್ಟು ಎತ್ತರದ ಭಾಗ, ಇದರಲ್ಲಿ ಗಿಡ್ಡ. ಮೇಲಕ್ಕೆ ಚಾಚುವ 'ಎಲ್', 'ಡಿ' ಮತ್ತು ಕೆಳಕ್ಕೆ ಇಳಿಯುವ 'ಪಿ', 'ವೈ' ಉದ್ದ. 'ಇ' ಅಕ್ಷರದ ಕಣ್ಣೂ 'ಎ' ಅಕ್ಷರದ ಹೊಟ್ಟೆಯೂ ಬಹಳ ಚಿಕ್ಕವು.

ಈ ರಚನೆಯನ್ನು ತಿಳಿದುಕೊಂಡರೆ ಎಲ್ಲಿ ಬಳಸಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಕಥೆ, ಕವಿತೆ, ಪ್ರಬಂಧ, ಆತ್ಮಕಥೆ, ಮುನ್ನುಡಿ: ಹೀಗೆ ಸಾಲುಸಾಲಾಗಿ ಓದಬೇಕಾದ ಎಲ್ಲಕ್ಕೂ ಸರಿ. ಲಗ್ನಪತ್ರಿಕೆಗೂ ಪ್ರಮಾಣಪತ್ರಕ್ಕೂ ಚೆನ್ನ. ಆದರೆ ಬಂಗಾರದ ಫಾಯಿಲ್ ಒತ್ತಿಸುವುದಾದರೆ ತೆಳು ಗೆರೆಗಳು ಹರಿದುಹೋಗಬಹುದು, ಅಲ್ಲಿ ಮೀಡಿಯಂ ತೂಕದ, ಅಂದರೆ ಗೆರೆ ತುಸು ದಪ್ಪಗಿರುವ ಅಕ್ಷರವನ್ನೇ ಹಾಕಿ.

ಅರ್ಜಿ ನಮೂನೆ, ಗುರುತಿನ ಚೀಟಿ, ಔಷಧಿ ಪೊಟ್ಟಣದ ಸಣ್ಣ ಬರಹ, ರಸ್ತೆ ಬದಿಯ ಫಲಕ, ಮೊಬೈಲ್ ಆ್ಯಪ್‌ನ ಬಟನ್ ಇವಕ್ಕೆಲ್ಲ ಬೇಡ. 8 ಪಾಯಿಂಟ್‌ಗೆ ಇಳಿಸಿದರೆ 'ಇ'ಯ ಕಣ್ಣು ಶಾಯಿಯಿಂದ ಮುಚ್ಚಿಕೊಳ್ಳುತ್ತದೆ. ದೂರದಿಂದ ಓದಬೇಕಾದ ಕಡೆ ಗಿಡ್ಡ ನಡುಭಾಗ ಕಾಣುವುದೇ ಇಲ್ಲ.

## ಹಂತ 2: ಯಾವ ಗ್ಯಾರಮಂಡ್ ಅನ್ನುವುದನ್ನು ಖಚಿತ ಮಾಡಿಕೊಳ್ಳಿ

ಈ ಹೆಸರಿನ ಫಾಂಟ್‌ಗಳು ಹಲವು ಇವೆ, ಒಂದರಂತೆ ಇನ್ನೊಂದಿಲ್ಲ. ಮೈಕ್ರೋಸಾಫ್ಟ್ ಆಫೀಸ್ ಜೊತೆ ಬರುವ 'ಗ್ಯಾರಮಂಡ್' ಮಾನೊಟೈಪ್ ಕಂಪನಿಯದು. ಅದರ ಮಾದರಿ ನಿಜಕ್ಕೂ 16ನೇ ಶತಮಾನದ ಪ್ಯಾರಿಸ್ಸಿನ ಕ್ಲೋಡ್ ಗ್ಯಾರಮಾಂಟ್ ಕೊರೆದ ಅಕ್ಷರವಲ್ಲ. ಸುಮಾರು 1615ರ ಹೊತ್ತಿಗೆ ಜಾನ್ ಜಾನೋನ್ ಎಂಬಾತ ಕೊರೆದದ್ದು. ಇದನ್ನು 1926ರಲ್ಲಿ ಮುದ್ರಣ ಇತಿಹಾಸದ ಸಂಶೋಧಕಿ ಬಿಯಾಟ್ರಿಸ್ ವಾರ್ಡ್ ತೋರಿಸಿಕೊಟ್ಟರು. ಈ ಇತಿಹಾಸ ನಮಗೆ ಬೇಕಾಗುವುದು ಒಂದೇ ಕಾರಣಕ್ಕೆ: ಮಾನೊಟೈಪ್‌ನ ಆ ಫಾಂಟ್ ಇನ್ನೂ ತೆಳು, ಅದರ ಇಟಾಲಿಕ್‌ನ ಓರೆ ಅಕ್ಷರದಿಂದ ಅಕ್ಷರಕ್ಕೆ ಬದಲಾಗುತ್ತದೆ, ನಿಜವಾದ ಸ್ಮಾಲ್ ಕ್ಯಾಪ್ಸ್ (ಸಣ್ಣಕ್ಷರದಷ್ಟೇ ಎತ್ತರದ ದೊಡ್ಡಕ್ಷರಗಳು) ಅದರಲ್ಲಿಲ್ಲ. ಪುಸ್ತಕದ ಕೆಲಸಕ್ಕೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ.

ಬಳಸಬೇಕಾದದ್ದು ಇಬಿ ಗ್ಯಾರಮಂಡ್. ಫ್ರಾಂಕ್‌ಫರ್ಟ್‌ನಲ್ಲಿ 1592ರಲ್ಲಿ ಅಚ್ಚಾದ ಎಗೆನೋಲ್ಫ್–ಬರ್ನರ್ ಅಕ್ಷರ ಮಾದರಿಯ ಹಾಳೆಯನ್ನು ನೋಡಿಕೊಂಡು ಗೆಯೋರ್ಗ್ ಡಫ್ನರ್ ಇದನ್ನು ಮಾಡಲು ಶುರುಮಾಡಿದರು. ಆಮೇಲೆ ಒಕ್ಟಾವಿಯೊ ಪಾರ್ಡೊ ದಪ್ಪ ತೂಕಗಳನ್ನು ಸೇರಿಸಿದರು. ನೆಟ್ಟಗಿನ ಅಕ್ಷರಕ್ಕೆ ಗ್ಯಾರಮಾಂಟ್ ಮಾದರಿ, ಇಟಾಲಿಕ್‌ಗೆ ಅದೇ ಶತಮಾನದ ಇನ್ನೊಬ್ಬ ಅಕ್ಷರ ಕೊರೆಗಾರ ರೋಬೆರ್ ಗ್ರಾಂಜೋನ್ ಮಾದರಿ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಮಾರಾಟದ ಪುಸ್ತಕಕ್ಕೂ ಬಳಸಬಹುದು, ಪಿಡಿಎಫ್‌ನಲ್ಲಿ ಸೇರಿಸಬಹುದು. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೇ.

ಇಳಿಸಿಕೊಂಡ ಜಿಪ್ ಬಿಚ್ಚಿದಾಗ ಎರಡು ಬಗೆಯ ಫೈಲ್ ಕಾಣುತ್ತವೆ. ಒಂದು ವೇರಿಯಬಲ್, ಅಂದರೆ ಎಲ್ಲ ತೂಕಗಳೂ ಒಂದೇ ಫೈಲಿನಲ್ಲಿರುವುದು, ಇನ್ನೊಂದು 'ಸ್ಟ್ಯಾಟಿಕ್' ಫೋಲ್ಡರಿನಲ್ಲಿರುವ ಬಿಡಿ ಫೈಲ್‌ಗಳು. ಅಚ್ಚಿನ ಕೆಲಸಕ್ಕೆ ಸ್ಟ್ಯಾಟಿಕ್ ಫೈಲ್‌ಗಳನ್ನು ಮಾತ್ರ ಹಾಕಿ. ರೆಗ್ಯುಲರ್, ಇಟಾಲಿಕ್, ಮೀಡಿಯಂ, ಮೀಡಿಯಂ ಇಟಾಲಿಕ್, ಸೆಮಿಬೋಲ್ಡ್ ಇವಿಷ್ಟು ಸಾಕು. ವೇರಿಯಬಲ್ ಮತ್ತು ಸ್ಟ್ಯಾಟಿಕ್ ಎರಡನ್ನೂ ಒಟ್ಟಿಗೆ ಹಾಕಿದರೆ ಫಾಂಟ್ ಪಟ್ಟಿಯಲ್ಲಿ ಒಂದೇ ಹೆಸರು ಎರಡೆರಡು ಸಲ ಬಂದು, ಪಿಡಿಎಫ್ ಮಾಡುವಾಗ ಯಾವುದು ಹೋಯಿತು ಅಂತಲೇ ತಿಳಿಯುವುದಿಲ್ಲ.

ಎಚ್ಚರಿಕೆಯ ಗುರುತು: ನಿಮ್ಮ ಕಂಪ್ಯೂಟರಿನಲ್ಲಿ ಕಟ್ಟಿದ ಫೈಲು ಡಿಟಿಪಿ ಅಂಗಡಿಯಲ್ಲಿ ತೆರೆದಾಗ ಪುಟಗಳ ಸಂಖ್ಯೆ ಬದಲಾದರೆ, ಅಲ್ಲಿ ಬೇರೊಂದು ಗ್ಯಾರಮಂಡ್ ಕೂತಿದೆ ಎಂದೇ ಅರ್ಥ. ಫಾಂಟ್ ಫೋಲ್ಡರನ್ನೂ ಫೈಲ್ ಜೊತೆ ಕೊಡಿ.

## ಹಂತ 3: ಕನ್ನಡ ಪಠ್ಯವನ್ನು ಯೂನಿಕೋಡ್‌ಗೆ ತನ್ನಿ

ಅತಿ ಹೆಚ್ಚು ಜನ ಮುಗ್ಗರಿಸುವುದು ಇಲ್ಲಿ. ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಅದು ಇಂಗ್ಲಿಷ್ ಅಕ್ಷರಗಳ ಸಾಲು. ಆ ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಚಿತ್ರ ತೋರಿಸುತ್ತದೆ. ಅದರ ಮೇಲೆ ಗ್ಯಾರಮಂಡ್ ಹಾಕಿದ ಕೂಡಲೇ ಚಿತ್ರ ಹೋಗಿ, ಒಳಗಿದ್ದ ಅಕ್ಷರಗಳು ಹೊರಗೆ ಬೀಳುತ್ತವೆ.

ಆದ್ದರಿಂದ ಪುಟ ಕಟ್ಟುವ ಮುಂಚೆಯೇ ಎಲ್ಲವನ್ನೂ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ವ್ಯವಸ್ಥೆಗೆ, ಪರಿವರ್ತಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒಂದೇ ಫೈಲಿನಲ್ಲಿ ಆಸ್ಕಿ ಕನ್ನಡವೂ ನಿಜವಾದ ಇಂಗ್ಲಿಷೂ ಬೆರೆತಿದ್ದರೆ ಇಡೀ ಫೈಲನ್ನು ಒಮ್ಮೆಗೇ ಪರಿವರ್ತಕಕ್ಕೆ ಕೊಡಬೇಡಿ. ಅದು ಇಂಗ್ಲಿಷನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಕನ್ನಡ ಪ್ಯಾರಾಗಳನ್ನು ಮಾತ್ರ ಬೇರೆ ಮಾಡಿ ಕೊಡಿ.

ಪರಿವರ್ತನೆ ಆದ ಮೇಲೆ ಕರಡು ತಿದ್ದುವುದು ಕಡ್ಡಾಯ. ಅರ್ಕಾವತ್ತು ಇರುವ ಪದಗಳನ್ನು ನೋಡಿ: ಧರ್ಮ, ಕೀರ್ತಿ, ಸೂರ್ಯ. ದೀರ್ಘಗಳನ್ನು ನೋಡಿ. ಇಂಗ್ಲಿಷ್ ಮೂಲದ ಪದಗಳಿಗೆ ವಿಭಕ್ತಿ ಸೇರಿದ ಕಡೆ ಇನ್ನೂ ಹೆಚ್ಚು ಗಮನ ಬೇಕು. 'ಡಾಕ್ಟರ್‌ಗೆ' ಅಂತ ಇರಬೇಕಾದದ್ದು 'ಡಾಕ್ಟರ್ಗೆ' ಅಂತ ಆಗಿರುತ್ತದೆ. ಎರಡು ಅಕ್ಷರ ಕೂಡಿಕೊಳ್ಳದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಯೂನಿಕೋಡ್‌ನಲ್ಲಿದೆ. ಪರಿವರ್ತನೆಯಲ್ಲಿ ಅದು ಬಿದ್ದುಹೋಗಿರುತ್ತದೆ. ಒಂದು ಕಡೆ ಸರಿಮಾಡಿ, ಉಳಿದ ಕಡೆ ಹುಡುಕಿ ಬದಲಿಸಿ.

ಪುಟ ಕಟ್ಟಿದ ಮೇಲೆ ಈ ತಿದ್ದುಪಡಿಗೆ ಇಳಿದರೆ ಸಾಲುಗಳು ಸರಿದು ಪುಟಗಳೇ ಅದಲುಬದಲಾಗುತ್ತವೆ. ಪಠ್ಯ ಸ್ವಚ್ಛವಾಗುವ ತನಕ ಹಂತ 4ಕ್ಕೆ ಹೋಗಬೇಡಿ.

## ಹಂತ 4: ಗ್ಯಾರಮಂಡ್‌ಗೆ ಹೊಂದುವ ಕನ್ನಡ ಫಾಂಟ್ ಆರಿಸಿ

ಇಬಿ ಗ್ಯಾರಮಂಡ್‌ನಲ್ಲಿ ಕನ್ನಡ ಅಕ್ಷರಗಳಿಲ್ಲ. ನೀವು ಆರಿಸದಿದ್ದರೆ ಕಂಪ್ಯೂಟರ್ ತನಗೆ ತೋಚಿದ ಕನ್ನಡ ಫಾಂಟನ್ನು ಹಾಕಿಕೊಳ್ಳುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು. ಹಾಗಾಗಲು ಬಿಡಬೇಡಿ.

ಉಚಿತವಾಗಿ ಸಿಗುವವುಗಳಲ್ಲಿ ಎರಡನ್ನು ಮೊದಲು ನೋಡಿ. ಟೀರೋ ಕನ್ನಡ ಪುಸ್ತಕದ ಓದಿಗೆಂದೇ ಆದದ್ದು. ಮೂರ್ತಿ ಕ್ಲಾಸಿಕಲ್ ಲೈಬ್ರರಿ ಮಾಲೆಗಾಗಿ ಮಾಡಿದ ಅಕ್ಷರಗಳಿಂದ ಬೆಳೆದು ಬಂದಿದೆ. ಗೆರೆಗಳಲ್ಲಿ ದಪ್ಪ–ತೆಳು ಏರಿಳಿತ ಇರುವುದರಿಂದ ಗ್ಯಾರಮಂಡ್ ಪಕ್ಕದಲ್ಲಿ ಸಹಜವಾಗಿ ಕೂರುತ್ತದೆ. ಇದಕ್ಕೆ ಇಟಾಲಿಕ್ ಇದೆ, ಬೋಲ್ಡ್ ಇಲ್ಲ. ಎರಡನೆಯದು ನೋಟೋ ಸೆರಿಫ್ ಕನ್ನಡ. ಇದರಲ್ಲಿ ತೆಳುವಿನಿಂದ ಹಿಡಿದು ಅತಿ ದಪ್ಪದವರೆಗೆ ಹಲವು ತೂಕಗಳಿವೆ, ಇಟಾಲಿಕ್ ಇಲ್ಲ.

ಕವಿತೆ, ಕಥೆ, ಪ್ರಬಂಧಕ್ಕೆ ನನ್ನ ಆಯ್ಕೆ ಟೀರೋ. ಶೀರ್ಷಿಕೆ, ಉಪಶೀರ್ಷಿಕೆ, ಕೋಷ್ಟಕ ಜಾಸ್ತಿ ಇರುವ ಸ್ಮರಣ ಸಂಚಿಕೆಗೆ ನೋಟೋ ಸುಲಭ. ಎರಡನ್ನೂ ಒಂದೇ ಪುಸ್ತಕದಲ್ಲಿ ಬೆರೆಸಬೇಡಿ. ಏಕದಪ್ಪದ ಗೆರೆಯ, ಪಾದವಿಲ್ಲದ ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದ ಕನ್ನಡ ಫಾಂಟ್‌ಗಳನ್ನು ಗ್ಯಾರಮಂಡ್ ಪಕ್ಕ ಇಟ್ಟರೆ ಪುಟದಲ್ಲಿ ಕನ್ನಡ ಮಾತ್ರ ಎದ್ದು ಕಾಣುತ್ತದೆ.

ಸಾಮಾನ್ಯ ತಪ್ಪು: ಟೀರೋ ಕನ್ನಡದ ಮೇಲೆ ಬೋಲ್ಡ್ ಬಟನ್ ಒತ್ತುವುದು. ಇಲ್ಲದ ಬೋಲ್ಡನ್ನು ತಂತ್ರಾಂಶ ತಾನೇ ಗೆರೆ ಉಬ್ಬಿಸಿ ಮಾಡುತ್ತದೆ. ಒತ್ತಕ್ಷರದ ಒಳಗಿನ ಸಣ್ಣ ಬಿಳಿ ಜಾಗಗಳು ಮುಚ್ಚಿಹೋಗುತ್ತವೆ. ಒತ್ತು ಕೊಡಬೇಕಾದರೆ ಗಾತ್ರ ಹೆಚ್ಚಿಸಿ, ಅಥವಾ ಮೇಲೆ ಕೆಳಗೆ ಜಾಗ ಬಿಡಿ.

## ಹಂತ 5: ಎರಡೂ ಲಿಪಿಯ ಗಾತ್ರ ಹೊಂದಿಸಿ

ಪಾಯಿಂಟ್ ಸಂಖ್ಯೆ ಅಳೆಯುವುದು ಅಕ್ಷರವನ್ನಲ್ಲ, ಅಕ್ಷರ ಕೂತಿರುವ ಚೌಕಟ್ಟನ್ನು. ಆ ಚೌಕಟ್ಟಿನೊಳಗೆ ಅಕ್ಷರ ಎಷ್ಟು ದೊಡ್ಡದು ಅನ್ನುವುದು ಫಾಂಟ್‌ನಿಂದ ಫಾಂಟ್‌ಗೆ ಬೇರೆ. ಟೈಮ್ಸ್ 11 ಪಾಯಿಂಟ್ ಸಾಕಾಗುವ ಕಡೆ ಗ್ಯಾರಮಂಡ್ 12 ಬೇಕಾಗುತ್ತದೆ. ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಸಂಖ್ಯೆ ಕೊಟ್ಟರೆ ಇಂಗ್ಲಿಷ್ ಕುಗ್ಗಿ ಕಾಣುವುದು ಇದಕ್ಕೇ.

ಹೀಗೆ ಮಾಡಿ. ಖಾಲಿ ಪುಟದಲ್ಲಿ 72 ಪಾಯಿಂಟ್‌ನಲ್ಲಿ ಕನ್ನಡದ 'ನ', 'ಸ', 'ದ' ಬರೆಯಿರಿ. ಪಕ್ಕದಲ್ಲೇ ಗ್ಯಾರಮಂಡ್‌ನ ಸಣ್ಣ 'ಎಕ್ಸ್' ಮತ್ತು ದೊಡ್ಡ 'ಎಚ್' ಬರೆಯಿರಿ. ಮುದ್ರಿಸಿ, 'ನ' ಅಕ್ಷರದ ತಲೆಕಟ್ಟಿನ ಮೇಲಂಚಿಗೆ ಸ್ಕೇಲ್ ಇಟ್ಟು ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆ ಸಣ್ಣ 'ಎಕ್ಸ್'ನ ತಲೆಗಿಂತ ಸ್ವಲ್ಪ ಮೇಲೆ, ದೊಡ್ಡ 'ಎಚ್'ನ ತಲೆಗಿಂತ ಚೆನ್ನಾಗಿ ಕೆಳಗೆ ಹಾದುಹೋಗಬೇಕು. ಗೆರೆ 'ಎಚ್'ನ ತಲೆಯ ಹತ್ತಿರ ಹೋದರೆ ಕನ್ನಡ ದೊಡ್ಡದಾಯಿತು. ಕನ್ನಡವನ್ನು ಒಂದೆರಡು ಪಾಯಿಂಟ್ ಇಳಿಸುತ್ತಾ ಹೋಗಿ. ಹೊಂದಿಕೊಂಡ ಮೇಲೆ ಅದೇ ಅನುಪಾತವನ್ನು ಓದುವ ಗಾತ್ರಕ್ಕೆ ತನ್ನಿ.

ಶುರು ಮಾಡಲು ಇಂಗ್ಲಿಷ್ 12, ಕನ್ನಡ 11 ಇಟ್ಟುಕೊಳ್ಳಿ. ನಂತರ ಎರಡೂ ಲಿಪಿ ಬೆರೆತ ಒಂದು ಪ್ಯಾರಾವನ್ನು ನಿಜವಾದ ಕಾಗದದ ಮೇಲೆ ಮುದ್ರಿಸಿ, ಕೈ ಚಾಚಿ ಹಿಡಿದು, ಕಣ್ಣು ಅರ್ಧ ಮುಚ್ಚಿ ನೋಡಿ. ಪ್ಯಾರಾ ಇಡೀ ಒಂದೇ ಬೂದು ಬಣ್ಣವಾಗಿ ಕಾಣಬೇಕು. ಕನ್ನಡ ಇರುವ ಕಡೆ ಕಪ್ಪು ಮಚ್ಚೆಗಳಂತೆ ಕಂಡರೆ ಕನ್ನಡವನ್ನು ಅರ್ಧ ಪಾಯಿಂಟ್ ಇಳಿಸಿ. ಆಗಲೂ ಸರಿಹೋಗದಿದ್ದರೆ ಇಂಗ್ಲಿಷನ್ನು ರೆಗ್ಯುಲರ್‌ನಿಂದ ಮೀಡಿಯಂಗೆ ಏರಿಸಿ. ಆರ್ಟ್ ಪೇಪರ್ ಮೇಲೆ ಅಚ್ಚು ಹಾಕಿಸುವವರಿಗೆ ಮೀಡಿಯಂ ಬೇಕಾಗುವುದೇ ಜಾಸ್ತಿ. ಮ್ಯಾಪ್‌ಲಿಥೋ ಎಂಬ ಲೇಪನವಿಲ್ಲದ ಕಾಗದ ಶಾಯಿಯನ್ನು ಹೀರಿ ಗೆರೆಯನ್ನು ತುಸು ದಪ್ಪ ಮಾಡುತ್ತದೆ. ನುಣುಪು ಕಾಗದದಲ್ಲಿ ಆ ಸಹಾಯ ಸಿಗುವುದಿಲ್ಲ.

ಅಡಿಟಿಪ್ಪಣಿಯ ವಿಷಯ ಬೇರೆಯೇ ಹೇಳಬೇಕು. 1592ರ ಆ ಹಾಳೆಯಲ್ಲಿ ಸಣ್ಣ ಗಾತ್ರಕ್ಕೆ ಬೇರೆ, ದೊಡ್ಡ ಗಾತ್ರಕ್ಕೆ ಬೇರೆ ಅಚ್ಚುಗಳಿದ್ದವು. ಡಫ್ನರ್ ಕೂಡ 8 ಮತ್ತು 12 ಪಾಯಿಂಟ್‌ಗೆ ಬೇರೆ ಬೇರೆ ರೂಪ ಮಾಡಿದ್ದರು. ಗೂಗಲ್ ಫಾಂಟ್ಸ್‌ನಲ್ಲಿರುವುದು 12ರ ರೂಪ. ಅದನ್ನು ಸುಮ್ನೆ ಕುಗ್ಗಿಸಿದರೆ ಗೆರೆಗಳೂ ಕುಗ್ಗುತ್ತವೆ. ಹಾಗಾಗಿ ಟಿಪ್ಪಣಿಯನ್ನು 9.5ಕ್ಕಿಂತ ಕೆಳಗೆ ಇಳಿಸಬೇಡಿ, ಮೀಡಿಯಂ ತೂಕ ಬಳಸಿ.

## ಹಂತ 6: ಸಾಲು, ಅಂತರ, ಮಾರ್ಜಿನ್

ಗಾತ್ರ ಗಟ್ಟಿಯಾದ ಮೇಲೆ ಪುಟ. ಡೆಮಿ 1/8 ಪುಸ್ತಕ, ಅಂದರೆ 5.5 × 8.5 ಇಂಚು ಅಂತ ಇಟ್ಟುಕೊಳ್ಳೋಣ.

ಒಳಗಿನ ಮಾರ್ಜಿನ್ 0.8 ಇಂಚು, ಹೊರಗಿನದು 0.7 ಇಂಚು ಕೊಟ್ಟರೆ ಸಾಲಿನ ಉದ್ದ 4 ಇಂಚು ಉಳಿಯುತ್ತದೆ. 12 ಪಾಯಿಂಟ್ ಗ್ಯಾರಮಂಡ್‌ನಲ್ಲಿ ಅಷ್ಟು ಜಾಗಕ್ಕೆ ಖಾಲಿ ಜಾಗವೂ ಸೇರಿ ಸುಮಾರು 60 ಇಂಗ್ಲಿಷ್ ಅಕ್ಷರಗಳು ಕೂರುತ್ತವೆ. ಓದಲು ಹದವಾದ ಸಾಲು ಇದು. 75 ದಾಟಿದರೆ ಕಣ್ಣು ಮುಂದಿನ ಸಾಲನ್ನು ಹುಡುಕಬೇಕಾಗುತ್ತದೆ. 45ಕ್ಕಿಂತ ಕಡಿಮೆಯಾದರೆ ಪದೇಪದೇ ಸಾಲು ಮುರಿಯುತ್ತದೆ. ನಿಮ್ಮ ಪುಟದ ಹತ್ತು ಸಾಲು ಎಣಿಸಿ ನೋಡಿ.

ಸಾಲಿನ ಅಂತರವನ್ನು ನಿರ್ಧರಿಸುವುದು ಕನ್ನಡ. ಗ್ಯಾರಮಂಡ್ 12ಕ್ಕೆ 15 ಪಾಯಿಂಟ್ ಅಂತರ ಸಾಕು. ಕನ್ನಡಕ್ಕೆ ಸಾಲದು. 'ರಾಷ್ಟ್ರೀಯ' ಎಂಬ ಪದದಲ್ಲಿ ಷಕಾರದ ಕೆಳಗೆ ಎರಡು ಒತ್ತು ಇಳಿಯುತ್ತವೆ. ಅದರ ನೇರ ಕೆಳಗಿನ ಸಾಲಿನಲ್ಲಿ 'ಕೀ', 'ಕೋ' ಥರದ ಅಕ್ಷರ ಬಂದರೆ ಅದರ ಗುಣಿತದ ತಲೆ ಮೇಲೇರುತ್ತದೆ. ಎರಡೂ ತಾಗಬಾರದು. ಕನ್ನಡ 11ಕ್ಕೆ 16 ಪಾಯಿಂಟ್ ಕೊಡಿ. ಇಂಗ್ಲಿಷಿಗೂ ಅದೇ 16 ಕೊಡಿ. ಎದುರುಬದುರು ಪುಟಗಳ ಸಾಲುಗಳು ಒಂದೇ ಮಟ್ಟದಲ್ಲಿ ನಿಲ್ಲುತ್ತವೆ.

ಈಗ ಲೆಕ್ಕ ಸುಲಭ. ಇಂಚಿಗೆ 72ರಂತೆ 8.5 ಇಂಚು ಅಂದರೆ 612 ಪಾಯಿಂಟ್. 30 ಸಾಲಿಗೆ 480. ಉಳಿದ 132ರಲ್ಲಿ ಮೇಲೆ 58, ಕೆಳಗೆ 74. ಪುಟಸಂಖ್ಯೆ ಆ 74ರೊಳಗೆ ಬರುತ್ತದೆ. ಇನ್‌ಡಿಸೈನ್‌ನಲ್ಲಿ ಬೇಸ್‌ಲೈನ್ ಗ್ರಿಡ್ (ಸಾಲುಗಳು ಕೂರುವ, ಅಚ್ಚಾಗದ ಗೆರೆಗಳು) 16ಕ್ಕೆ ಇಟ್ಟು ಎರಡೂ ಪ್ಯಾರಾ ಸ್ಟೈಲನ್ನು (ಫಾಂಟ್, ಗಾತ್ರ, ಅಂತರಗಳನ್ನು ಒಂದು ಹೆಸರಿನಡಿ ಉಳಿಸಿಟ್ಟ ಸೆಟ್ಟಿಂಗ್) ಅದಕ್ಕೆ ಕಟ್ಟಿ. ವರ್ಡ್ ಮತ್ತು ಲಿಬ್ರೆಆಫೀಸ್‌ನಲ್ಲಿ ಅಂತರವನ್ನು 'ಸಿಂಗಲ್', '1.5' ಅಂತ ಬಿಡದೆ, ಸರಿಯಾಗಿ 16 ಪಾಯಿಂಟ್ ಅಂತ ನಿಗದಿ ಮಾಡಿ. ಇಲ್ಲದಿದ್ದರೆ ಒಂದು ಕನ್ನಡ ಪದ ಬಂದ ಸಾಲು ಮಾತ್ರ ಅಗಲವಾಗಿ, ಪ್ಯಾರಾ ಹಲ್ಲು ಬಿದ್ದ ಹಣಿಗೆಯಂತೆ ಕಾಣುತ್ತದೆ.

## ಹಂತ 7: ಸ್ಟೈಲ್‌ಗಳನ್ನು ಕಟ್ಟಿ, ಕೈಯಿಂದ ಫಾಂಟ್ ಹಾಕಬೇಡಿ

ಪದ ಆರಿಸಿ ಫಾಂಟ್ ಬದಲಿಸುವ ಕೆಲಸವನ್ನು 200 ಪುಟದಲ್ಲಿ ಯಾರೂ ತಪ್ಪಿಲ್ಲದೆ ಮಾಡಲಾರರು.

ವರ್ಡ್‌ನ ಫಾಂಟ್ ಡೈಲಾಗ್‌ನಲ್ಲಿ ಇಂಗ್ಲಿಷಿಗೆ ಒಂದು ಜಾಗ, 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಅಂತ ಇನ್ನೊಂದು ಜಾಗ ಇದೆ. ಕನ್ನಡ ಬರುವುದು ಎರಡನೆಯದರಲ್ಲಿ. ಮೊದಲನೆಯದರಲ್ಲಿ ಇಬಿ ಗ್ಯಾರಮಂಡ್ 12, ಎರಡನೆಯದರಲ್ಲಿ ಟೀರೋ ಕನ್ನಡ 11 ಅಂತ ಸ್ಟೈಲ್‌ನಲ್ಲೇ ಬರೆದುಬಿಡಿ. ಆ ಜಾಗ ಕಾಣದಿದ್ದರೆ ಭಾಷೆಗಳ ಸೆಟ್ಟಿಂಗ್‌ನಲ್ಲಿ ಕನ್ನಡವನ್ನು ಸೇರಿಸಿ, ಬರುತ್ತದೆ. ಲಿಬ್ರೆಆಫೀಸ್‌ನಲ್ಲಿ ಇದೇ ವ್ಯವಸ್ಥೆ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಹೆಸರಿನಲ್ಲಿದೆ. ಮೇಲಿನ ಟೂಲ್‌ಬಾರ್‌ನಲ್ಲಿ ಗಾತ್ರ ಬದಲಿಸಿದರೂ ಕನ್ನಡ ಕದಲುವುದಿಲ್ಲ ಅಂತ ತುಂಬ ಜನ ಕೇಳುತ್ತಾರೆ ಅಲ್ವಾ? ಎರಡು ಜಾಗ ಬೇರೆ ಬೇರೆ ಇರುವುದನ್ನು ಗಮನಿಸದಿರುವುದೇ ಅದರ ಕಾರಣ.

ಇನ್‌ಡಿಸೈನ್‌ನಲ್ಲಿ ಮೊದಲು ಪ್ಯಾರಾಗ್ರಾಫ್ ಕಂಪೋಸರನ್ನು 'ವರ್ಲ್ಡ್-ರೆಡಿ'ಗೆ ಬದಲಿಸಿ. ಬದಲಿಸದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಪಕ್ಕಕ್ಕೆ ಬೀಳಬಹುದು. ಆಮೇಲೆ ಕನ್ನಡ ಪ್ಯಾರಾ ಸ್ಟೈಲ್ ಒಳಗೆ ಒಂದು ಗ್ರೆಪ್ ಸ್ಟೈಲ್ ಸೇರಿಸಿ: ದೊಡ್ಡಕ್ಷರ–ಸಣ್ಣಕ್ಷರ ಎಂಬ ಭೇದ ಇರುವ ಯಾವ ಅಕ್ಷರ ಬಂದರೂ ಅದಕ್ಕೆ ಗ್ಯಾರಮಂಡ್ ಕ್ಯಾರೆಕ್ಟರ್ ಸ್ಟೈಲ್ ಹಾಕು ಅಂತ. ಕನ್ನಡದಲ್ಲಿ ಆ ಭೇದ ಇಲ್ಲದಿರುವುದರಿಂದ ಕನ್ನಡಕ್ಕೆ ಅದು ತಾಗುವುದಿಲ್ಲ.

ಒಂದು ವಿಷಯ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಪೂರ್ಣವಿರಾಮ, ಅಲ್ಪವಿರಾಮ, ಆವರಣ, ಉದ್ಧರಣ ಚಿಹ್ನೆಗಳು ಎರಡೂ ಲಿಪಿಗೆ ಸಾಮಾನ್ಯ. ಕನ್ನಡ ಸಾಲಿನಲ್ಲಿ ಅವು ಗ್ಯಾರಮಂಡ್‌ನಿಂದ ಬಂದರೆ ಕೆಲವು ಕಡೆ ಸಣ್ಣದು, ಕೆಲವು ಕಡೆ ದೊಡ್ಡದು ಆಗುತ್ತವೆ. ಒಂದು ಪುಟ ಮುದ್ರಿಸಿ ಬರೀ ಚಿಹ್ನೆಗಳನ್ನೇ ನೋಡುತ್ತಾ ಹೋಗಿ. ಕನ್ನಡ ವಾಕ್ಯಕ್ಕೆ ಕನ್ನಡ ಫಾಂಟಿನ ಚಿಹ್ನೆ, ಇಂಗ್ಲಿಷ್ ವಾಕ್ಯಕ್ಕೆ ಗ್ಯಾರಮಂಡಿನದು ಎಂಬ ನಿಯಮ ಇಟ್ಟುಕೊಳ್ಳಿ.

## ಹಂತ 8: ಅಂಕಿ, ಜೋಡಿ ಅಕ್ಷರ, ಸ್ಮಾಲ್ ಕ್ಯಾಪ್ಸ್, ಇಟಾಲಿಕ್

ಇಬಿ ಗ್ಯಾರಮಂಡ್‌ನ ಅರ್ಧ ಶಕ್ತಿ ಫಾಂಟ್‌ನ ಒಳಗೆ ಅಡಗಿದೆ. ಆನ್ ಮಾಡದೆ ಅದು ಹೊರಗೆ ಬರುವುದಿಲ್ಲ. ಇನ್‌ಡಿಸೈನ್‌ನಲ್ಲಿ ಓಪನ್‌ಟೈಪ್ ಮೆನು, ಲಿಬ್ರೆಆಫೀಸ್‌ನಲ್ಲಿ ಕ್ಯಾರೆಕ್ಟರ್ ಡೈಲಾಗ್‌ನ ಫೀಚರ್ಸ್ ಬಟನ್, ವರ್ಡ್‌ನಲ್ಲಿ ಫಾಂಟ್ ಡೈಲಾಗ್‌ನ ಅಡ್ವಾನ್ಸ್ಡ್ ಟ್ಯಾಬ್. ವರ್ಡ್‌ನಲ್ಲಿ ಕರ್ನಿಂಗ್‌ಗೂ (ಅಕ್ಷರಜೋಡಿಗಳ ನಡುವಿನ ಜಾಗದ ಹೊಂದಾಣಿಕೆ) ಅಲ್ಲೇ ಟಿಕ್ ಹಾಕಿ.

ಅಂಕಿಗಳಲ್ಲಿ ಎರಡು ಬಗೆ. ಓಲ್ಡ್‌ಸ್ಟೈಲ್ ಅಂಕಿಗಳು ಸಣ್ಣ ಅಕ್ಷರಗಳ ಹಾಗೆ ಮೇಲೆ ಕೆಳಗೆ ಚಾಚುತ್ತವೆ. ಲೈನಿಂಗ್ ಅಂಕಿಗಳೆಲ್ಲ ಒಂದೇ ಎತ್ತರ. ಇಂಗ್ಲಿಷ್ ವಾಕ್ಯದ ನಡುವೆ ಓಲ್ಡ್‌ಸ್ಟೈಲ್ ಹಾಕಿ, 1956 ಎಂಬ ಇಸವಿ ವಾಕ್ಯದಲ್ಲಿ ಕರಗುತ್ತದೆ. ಕನ್ನಡ ವಾಕ್ಯದಲ್ಲಿ ಆ ಏರಿಳಿತ ಗುಣಿತ–ಒತ್ತಕ್ಷರಗಳ ಜೊತೆ ಗೊಂದಲ ಮಾಡುತ್ತದೆ, ಅಲ್ಲಿ ಲೈನಿಂಗ್ ಒಳ್ಳೆಯದು. ಕೋಷ್ಟಕಕ್ಕೆ, ದೇಣಿಗೆ ಪಟ್ಟಿಗೆ 'ಟ್ಯಾಬ್ಯುಲರ್ ಲೈನಿಂಗ್' ಬೇಕು. ಆಗ ಪ್ರತಿ ಅಂಕಿಗೂ ಒಂದೇ ಅಗಲ ಬಂದು ಬಿಡಿ, ಹತ್ತು, ನೂರರ ಸ್ಥಾನಗಳು ನೇರ ನಿಲ್ಲುತ್ತವೆ.

ಗ್ಯಾರಮಂಡ್‌ನ 'ಎಫ್' ತಲೆ ಮುಂದಕ್ಕೆ ಬಾಗಿರುತ್ತದೆ. ಪಕ್ಕದಲ್ಲಿ 'ಐ' ಬಂದರೆ ಅದರ ಚುಕ್ಕೆಗೆ ಹೊಡೆಯುತ್ತದೆ. ಇದಕ್ಕೇ ಎರಡೂ ಕೂಡಿದ ಒಂದು ಅಚ್ಚು ಫಾಂಟಿನಲ್ಲಿದೆ. 'ಸ್ಟ್ಯಾಂಡರ್ಡ್ ಲಿಗೇಚರ್ಸ್' ಆನ್ ಮಾಡಿ. ವರ್ಡ್‌ನ ಹಳೆಯ ಆವೃತ್ತಿಗಳಲ್ಲಿ ತಾನಾಗಿ ಆನ್ ಇರುವುದಿಲ್ಲ, ನೆನಪಿರಲಿ. 'ಹಿಸ್ಟಾರಿಕಲ್', 'ಡಿಸ್ಕ್ರೀಷನರಿ' ಅನ್ನುವವನ್ನು ಓದುವ ಪಠ್ಯಕ್ಕೆ ಹಾಕಬೇಡಿ. ಅಕ್ಷರಗಳ ನಡುವೆ ಬಳ್ಳಿ ಹಬ್ಬಿ ಓದು ನಿಲ್ಲುತ್ತದೆ. ಮುಖಪುಟದ ಒಂದು ಪದಕ್ಕೆ ಬೇಕಾದರೆ ಇರಲಿ.

ಸ್ಮಾಲ್ ಕ್ಯಾಪ್ಸ್ ಫಾಂಟಿನಲ್ಲೇ ಬೇರೆಯಾಗಿ ಕೊರೆದಿದ್ದಾರೆ. ವರ್ಡ್‌ನ ಸ್ಮಾಲ್ ಕ್ಯಾಪ್ಸ್ ಬಟನ್ ಅದನ್ನು ಬಳಸುವುದಿಲ್ಲ. ದೊಡ್ಡಕ್ಷರವನ್ನೇ ಕುಗ್ಗಿಸುತ್ತದೆ, ಗೆರೆಗಳು ಬಡಕಲಾಗುತ್ತವೆ. ವರ್ಡ್ ಬಳಸುವವರು ಸ್ಮಾಲ್ ಕ್ಯಾಪ್ಸ್ ಬಿಟ್ಟೇಬಿಡಿ.

ಇಟಾಲಿಕ್ ವಿಷಯದಲ್ಲಿ ಗಟ್ಟಿ ಅಭಿಪ್ರಾಯ ಹೇಳುತ್ತೇನೆ. ಇಂಗ್ಲಿಷಿಗೆ ಬಳಸಿ, ಗ್ರಾಂಜೋನ್ ಮಾದರಿಯ ಇಟಾಲಿಕ್ ನಿಜಕ್ಕೂ ಚೆಲುವಾದದ್ದು. ಕನ್ನಡಕ್ಕೆ, ಫಾಂಟಿನಲ್ಲಿ ಇಟಾಲಿಕ್ ಫೈಲ್ ಇಲ್ಲದಿದ್ದರೆ, ಇಟಾಲಿಕ್ ಬಟನ್ ಒತ್ತಬೇಡಿ. ತಲೆಕಟ್ಟು ಒಂದು ಕಡೆ, ಒತ್ತು ಇನ್ನೊಂದು ಕಡೆ ಜಾರುತ್ತದೆ. ಕೃತಿಯ ಹೆಸರಿಗೆ ಉದ್ಧರಣ ಚಿಹ್ನೆ ಹಾಕುವ ನಮ್ಮ ಹಳೆಯ ರೂಢಿಯೇ ಸಾಕು.

ರೂಪಾಯಿಯ ಚಿಹ್ನೆ, ಕನ್ನಡ ಹೆಸರುಗಳನ್ನು ರೋಮನ್‌ನಲ್ಲಿ ಬರೆಯುವಾಗ ಬೇಕಾಗುವ ಮೇಲ್ಗೆರೆ–ಕೆಳಚುಕ್ಕೆಯ ಅಕ್ಷರಗಳು ಇವನ್ನೆಲ್ಲ ಒಂದು ಸಾಲಿನಲ್ಲಿ ಬರೆದು ಮುದ್ರಿಸಿ ನೋಡಿ. ಯಾವುದಾದರೂ ಒಂದು ಉಳಿದವುಗಳಿಗಿಂತ ದಪ್ಪ ಅಥವಾ ಅಗಲವಾಗಿ ಕಂಡರೆ ಅದು ಬೇರೆ ಫಾಂಟಿನಿಂದ ಬಂದಿದೆ.

## ಹಂತ 9: ಜಸ್ಟಿಫೈ ಮಾಡುವ ಮುನ್ನ

4 ಇಂಚಿನ ಸಾಲಿನಲ್ಲಿ ಇಂಗ್ಲಿಷ್ ಪದಗಳು ಹತ್ತರ ಆಸುಪಾಸು. ಕನ್ನಡ ಪದಗಳು ಆರೇಳು. ಕನ್ನಡ ಪದಗಳು ಉದ್ದ, ವಿಭಕ್ತಿ–ಸಂಧಿ ಸೇರಿ ಇನ್ನೂ ಉದ್ದ. ಜಸ್ಟಿಫೈ ಅಂದರೆ ಸಾಲುಗಳ ಎರಡೂ ಅಂಚನ್ನು ಸಮ ಮಾಡುವುದು. ಆಗ ಸಾಲು ತುಂಬಲು ತಂತ್ರಾಂಶ ಎಳೆಯುವುದು ಪದಗಳ ನಡುವಿನ ಜಾಗವನ್ನು. ಕಡಿಮೆ ಜಾಗಗಳಿದ್ದಷ್ಟೂ ಒಂದೊಂದೂ ಹೆಚ್ಚು ಬಾಯಿ ಬಿಡುತ್ತದೆ.

ಇಂಗ್ಲಿಷಿಗೆ ಹೈಫನೇಷನ್ ಆನ್ ಮಾಡಿ ಜಸ್ಟಿಫೈ ಮಾಡಿ. ಪ್ಯಾರಾಗೆ ಭಾಷೆ ಇಂಗ್ಲಿಷ್ ಅಂತ ಗುರುತಿಸಿರಬೇಕು, ಇಲ್ಲದಿದ್ದರೆ ಪದ ಮುರಿಯುವುದಿಲ್ಲ. ಕನ್ನಡಕ್ಕೆ ಎಡಕ್ಕೆ ಹೊಂದಿಸಿ ಬಲಬದಿ ಬಿಡುವುದು ಸುರಕ್ಷಿತ. ಜಸ್ಟಿಫೈ ಬೇಕೇಬೇಕು ಅಂದರೆ ಪದ ಮುರಿಯಲು ಬಿಡಿ, ಆದರೆ ಪೂರ್ತಿ ಅಕ್ಷರ ಮುಗಿದ ಕಡೆ ಮಾತ್ರ. 'ಪುಸ್ತಕ'ವನ್ನು 'ಪುಸ್ತ-ಕ' ಅಂತ ಮುರಿಯಬಹುದು, ಸಕಾರವನ್ನೂ ಅದರ ತಕಾರದ ಒತ್ತನ್ನೂ ಬೇರೆ ಮಾಡುವಂತಿಲ್ಲ.

ಒಂದು ಸಾಲು ಉಳಿಯಿತು ಅಂತ ಕನ್ನಡ ಅಕ್ಷರಗಳ ನಡುವಿನ ಜಾಗವನ್ನು ಹಿಗ್ಗಿಸುವುದಾಗಲಿ ಕುಗ್ಗಿಸುವುದಾಗಲಿ ಮಾಡಬೇಡಿ. ಒತ್ತು, ಗುಣಿತ ತಮ್ಮ ಅಕ್ಷರದಿಂದ ಕಳಚಿಕೊಳ್ಳುವ ಅಪಾಯ ಇದೆ. ಇಂಗ್ಲಿಷಿನಲ್ಲೂ ಹಾಗೆ ಮಾಡಿದರೆ ಎಫ್–ಐ ಜೋಡಿ ಒಡೆಯುತ್ತದೆ. ಒಂದು ಪದ ಬದಲಿಸಲು ಲೇಖಕರನ್ನು ಕೇಳುವುದು ಎಷ್ಟೋ ಮೇಲು.

## ಹಂತ 10: ಪಿಡಿಎಫ್ ಮತ್ತು ಅಚ್ಚಿನ ಕರಡು

ಪಠ್ಯದ ಬಣ್ಣ ಬರೀ ಕಪ್ಪು ಶಾಯಿಯ 100 ಪ್ರತಿಶತ ಇರಬೇಕು. ಬೇರೆ ಮೂರು ಶಾಯಿಗಳ ಪಾಲು ಸೊನ್ನೆ. ನಾಲ್ಕೂ ಶಾಯಿ ಬೆರೆತ ಕಪ್ಪು ಇದ್ದರೆ ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಗ್ಯಾರಮಂಡ್‌ನ ತೆಳು ಪಾದಗಳ ಸುತ್ತ ಬಣ್ಣದ ನೆರಳು ಏಳುತ್ತದೆ. ವರ್ಡ್‌ನಿಂದ ಬಂದ ಪಿಡಿಎಫ್‌ನಲ್ಲಿ ಈ ತೊಂದರೆ ಸಾಮಾನ್ಯ. ಒಳಪುಟಗಳನ್ನು ಒಂದೇ ಬಣ್ಣದ ಕೆಲಸವಾಗಿ ತೆಗೆದುಕೊಳ್ಳಿ ಅಂತ ಮುದ್ರಣಾಲಯಕ್ಕೆ ಬರೆದು ತಿಳಿಸಿ.

ಮುಖಪುಟದಲ್ಲಿ ಕಡು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಇದ್ದರೆ ಸುತ್ತಲಿನ ಶಾಯಿ ಒಳಗೆ ಹರಿದು ಗೆರೆ ತೆಳುವಾಗುತ್ತದೆ. ಅಲ್ಲಿ ಸೆಮಿಬೋಲ್ಡ್ ಹಾಕಿ. ಬೆನ್ನುಡಿಯ ಗಾತ್ರ 12ಕ್ಕಿಂತ ಕಡಿಮೆ ಬೇಡ.

ಪಿಡಿಎಫ್ ಆದ ಮೇಲೆ ಅದರ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಪಟ್ಟಿ ತೆರೆಯಿರಿ. ಪ್ರತಿ ಹೆಸರಿನ ಮುಂದೆಯೂ 'ಎಂಬೆಡೆಡ್' ಅಂತಲೋ 'ಎಂಬೆಡೆಡ್ ಸಬ್‌ಸೆಟ್' ಅಂತಲೋ ಇರಬೇಕು, ಅಂದರೆ ಫಾಂಟ್ ಪಿಡಿಎಫ್ ಒಳಗೇ ಸೇರಿರಬೇಕು. ಟೈಮ್ಸ್, ತುಂಗಾ, ನಿರ್ಮಲಾ ಇಂಥ ನೀವು ಹಾಕದ ಹೆಸರು ಕಂಡರೆ ಎಲ್ಲೋ ಒಂದು ಪದಕ್ಕೆ ಸ್ಟೈಲ್ ತಪ್ಪಿದೆ. ಖಾಲಿ ಪ್ಯಾರಾ, ಪುಟಸಂಖ್ಯೆ, ಅಡಿಟಿಪ್ಪಣಿಯ ಅಂಕಿ ಇವುಗಳಲ್ಲಿ ಮೊದಲು ಹುಡುಕಿ.

ಕೊನೆಗೆ ಮುದ್ರಣಾಲಯದಿಂದ ಒಂದು ಫಾರಂ, ಅಂದರೆ 16 ಪುಟ, ನಿಜವಾದ ಕಾಗದದ ಮೇಲೆ ಕರಡು ಕೇಳಿ. ಆ ಹದಿನಾರರಲ್ಲಿ ಕನ್ನಡ ಗದ್ಯ, ಇಂಗ್ಲಿಷ್ ಗದ್ಯ, ಎರಡೂ ಬೆರೆತ ಪುಟ, ಅಡಿಟಿಪ್ಪಣಿ ಇರುವ ಪುಟ, ಒಂದು ಕೋಷ್ಟಕ ಬರುವಂತೆ ಆರಿಸಿ. ಹಗಲು ಬೆಳಕಿನಲ್ಲಿ ನೋಡಿ. ಇಂಗ್ಲಿಷಿನ 'ಇ' ಕಣ್ಣು ತೆರೆದಿದೆಯೇ? ಅಡಿಟಿಪ್ಪಣಿಯ ಅಲ್ಪವಿರಾಮ ಪೂರ್ಣವಿರಾಮಕ್ಕಿಂತ ಬೇರೆಯಾಗಿ ಕಾಣುತ್ತದೆಯೇ? 'ಷ್ಟ್ರ', 'ಸ್ತ್ರೀ', 'ಕ್ಷ್ಮಿ'ಗಳ ಕೆಳಗೆ ಬಿಳಿ ಉಳಿದಿದೆಯೇ? ಹಾಳೆಯನ್ನು ಬೆಳಕಿಗೆ ಹಿಡಿದಾಗ ಹಿಂಬದಿಯ ಸಾಲುಗಳು ಮುಂಬದಿಯ ಸಾಲುಗಳ ಮೇಲೇ ಬೀಳುತ್ತಿವೆಯೇ? ಮನೆಯಲ್ಲಿ ವಯಸ್ಸಾದವರೊಬ್ಬರಿಗೆ ಎರಡು ಪುಟ ಓದಲು ಕೊಡಿ, ಹಾಳೆಯನ್ನು ಹತ್ತಿರ ದೂರ ಮಾಡುತ್ತಾರೆಯೇ ಗಮನಿಸಿ. ಮಾಡಿದರೆ ಇಂಗ್ಲಿಷ್ 12.5, ಕನ್ನಡ 11.5, ಅಂತರ 17 ಮಾಡಿ. ಪುಟಗಳು ಹೆಚ್ಚುತ್ತವೆ, ಅದಕ್ಕೆ ತಕ್ಕಂತೆ ಬೆಲೆಯನ್ನು ಮತ್ತೆ ಕೇಳಿ. ಇಷ್ಟಾದ ಮೇಲೆ ಕರಡಿನ ಪ್ರತಿ ಹಾಳೆಗೂ ಸಹಿ ಹಾಕಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಂಡು, ಅಚ್ಚಿಗೆ ಒಪ್ಪಿಗೆ ಕೊಡಿ.